ಗ್ರಂಥಾಲಯಕ್ಕೆ ಅಳತೆಗೋಲು ಕೊಟ್ಟ ಗಣಿತ ಮೇಷ್ಟ್ರು

ಮಕ್ಕಳೇ, ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಒಂದು ಊರಿನಲ್ಲಿ ಎರಡು ಕಾಲೇಜುಗಳಿವೆ ಎಂದು ಭಾವಿಸಿ. ಮೊದಲನೆಯ ಕಾಲೇಜಿನ ಗ್ರಂಥಾಲಯದಲ್ಲಿ 10,000 ಪುಸ್ತಕಗಳಿವೆ. ಗಾಜಿನ ಬೀರುಗಳಲ್ಲಿ ಸಾಲಾಗಿ, ಧೂಳಿಲ್ಲದೆ ನಿಂತಿವೆ. ಎಲ್ಲ ಬೀರುಗಳಿಗೂ ಬೀಗ. ಕಳೆದ ವರ್ಷ ಅಲ್ಲಿಂದ 500 ಸಲ ಪುಸ್ತಕಗಳು ಎರವಲು ಹೋಗಿವೆ. ಒಂದೂ ಕಳೆದುಹೋಗಿಲ್ಲ. ಎರಡನೆಯ ಕಾಲೇಜಿನಲ್ಲಿ ಇರುವುದು 2,000 ಪುಸ್ತಕಗಳು ಮಾತ್ರ. ಬೀಗವಿಲ್ಲ. ವಿದ್ಯಾರ್ಥಿಗಳೇ ಕಪಾಟಿನ ಬಳಿ ಹೋಗಿ ಆರಿಸಿಕೊಳ್ಳಬಹುದು. ಕಳೆದ ವರ್ಷ 6,000 ಸಲ ಪುಸ್ತಕಗಳು ಹೊರಗೆ ಹೋಗಿ ಬಂದಿವೆ. ಹಲವು ಪುಸ್ತಕಗಳ ರಟ್ಟು ಹರಿದಿದೆ. ಹನ್ನೆರಡು ಪುಸ್ತಕಗಳು ಹಿಂದಿರುಗಿಯೇ ಇಲ್ಲ.

ತಪಾಸಣೆಗೆ ಬಂದವರು ಯಾವ ಗ್ರಂಥಾಲಯ ಉತ್ತಮ ಎಂದು ಬರೆಯಬೇಕು?

ಇದು ಕಲ್ಪಿಸಿಕೊಂಡ ಲೆಕ್ಕ. ಆದರೆ ನೂರು ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಹೆಚ್ಚಿನವರು ಮೊದಲನೆಯದೇ ಉತ್ತಮ ಎನ್ನುತ್ತಿದ್ದರು. ಪುಸ್ತಕಗಳು ಎಷ್ಟಿವೆ, ಎಷ್ಟು ಭದ್ರವಾಗಿವೆ ಎಂಬುದೇ ಆಗಿನ ಅಳತೆ. ಆ ಅಳತೆಗೋಲನ್ನು ಬದಲಿಸಿದವರು ಒಬ್ಬ ಗಣಿತ ಮೇಷ್ಟ್ರು. ಅವರ ಹೆಸರು ಶಿಯಾಳಿ ರಾಮಾಮೃತ ರಂಗನಾಥನ್. ಗ್ರಂಥಾಲಯದ ಕೆಲಸವನ್ನು ಒಂದು ವಿಜ್ಞಾನವಾಗಿ ಬೆಳೆಸಿದ ಇವರನ್ನು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದು ಕರೆಯುತ್ತಾರೆ.

ಉಗ್ಗುತ್ತಿದ್ದ ಹುಡುಗ

ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್ ತಿಂಗಳಿನಲ್ಲಿ, ಆಗಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಈ ಊರನ್ನು ಈಗ ಸೀರ್ಕಾಳಿ ಎನ್ನುತ್ತಾರೆ. ಅವರು ನಿಜವಾಗಿ ಹುಟ್ಟಿದ ದಿನ ಆಗಸ್ಟ್ 9. ದಾಖಲೆಗಳಲ್ಲಿ ಉಳಿದದ್ದು ಆಗಸ್ಟ್ 12. ಲಕ್ಷಾಂತರ ಪುಸ್ತಕಗಳನ್ನು ಸರಿಯಾದ ಜಾಗದಲ್ಲಿ ಇಡುವುದನ್ನು ಲೋಕಕ್ಕೆ ಕಲಿಸಿದವರ ಜನ್ಮದಿನವೇ ಎರಡು ಕಡೆ ಸೇರಿಕೊಂಡಿದೆ ನೋಡಿ!

ಬಾಲಕನಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಸೀತಾಲಕ್ಷ್ಮಿ ಮತ್ತು ಮನೆಯ ಹಿರಿಯರ ಆಸರೆಯಲ್ಲಿ ಹುಡುಗ ಬೆಳೆದ. ಮಾತನಾಡುವಾಗ ಅವನಿಗೆ ಉಗ್ಗು ಬರುತ್ತಿತ್ತು. ಆರೋಗ್ಯವೂ ಅಷ್ಟಕ್ಕಷ್ಟೆ. ಆದರೆ ಓದಿನಲ್ಲಿ, ಅದರಲ್ಲೂ ಗಣಿತದಲ್ಲಿ, ಬಹಳ ಚುರುಕು. ಊರಿನ ಹಿಂದೂ ಪ್ರೌಢಶಾಲೆಯ ನಂತರ ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಸೇರಿ 1913ರಲ್ಲಿ ಬಿ.ಎ., 1916ರಲ್ಲಿ ಗಣಿತದಲ್ಲಿ ಎಂ.ಎ. ಪದವಿ ಪಡೆದರು. ಅಲ್ಲಿ ಅವರಿಗೆ ಗಣಿತ ಕಲಿಸಿದವರು ಎಡ್ವರ್ಡ್ ರಾಸ್ ಎಂಬ ಪ್ರಾಧ್ಯಾಪಕರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ಮುಖ್ಯ ಘಟ್ಟದಲ್ಲಿ ಮತ್ತೆ ಬರುತ್ತಾರೆ.

ಉಗ್ಗುವವರು ಮೇಷ್ಟ್ರಾಗುವುದು ಹೇಗೆ? ರಂಗನಾಥನ್ ಹಟ ಹಿಡಿದು ಅಭ್ಯಾಸ ಮಾಡಿ ಉಗ್ಗನ್ನು ಗೆದ್ದರು. ಶಿಕ್ಷಕ ತರಬೇತಿ ಮುಗಿಸಿ 1917ರಲ್ಲಿ ಮೊದಲ ಕೆಲಸಕ್ಕೆ ಸೇರಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಆಗ ಮಂಗಳೂರು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮೂರು ವರ್ಷ ಅಲ್ಲಿ ಪಾಠ ಹೇಳಿ, ಆಮೇಲೆ ಕೊಯಮತ್ತೂರಿಗೆ, ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಪಾಠವನ್ನು ಹೇಳಿ ಬರೆಸುವುದು ಅವರಿಗೆ ಇಷ್ಟವಿರಲಿಲ್ಲ. ವಿದ್ಯಾರ್ಥಿಗಳೇ ಪುಸ್ತಕ ಹುಡುಕಿ, ಓದಿ, ತಮ್ಮೊಳಗೆ ಚರ್ಚಿಸಬೇಕು ಎಂಬುದು ಅವರ ಕ್ರಮವಾಗಿತ್ತು.

ಒಲ್ಲದ ಹುದ್ದೆ

1923ರಲ್ಲಿ ಮದರಾಸು ವಿಶ್ವವಿದ್ಯಾಲಯ ಒಂದು ಹೊಸ ಹುದ್ದೆಗೆ ಅರ್ಜಿ ಕರೆಯಿತು. ಗ್ರಂಥಪಾಲಕರ ಹುದ್ದೆ. ಸಂಬಳ ಮೇಷ್ಟ್ರ ಕೆಲಸಕ್ಕಿಂತ ಹೆಚ್ಚು. ಸುಮಾರು 900 ಅರ್ಜಿಗಳು ಬಂದವು. ಅವರಲ್ಲಿ ಗ್ರಂಥಾಲಯದ ಕೆಲಸದಲ್ಲಿ ತರಬೇತಿ ಪಡೆದವರು ಇರಲಿಲ್ಲ ಎನ್ನಬಹುದು. ಅಂಥ ತರಬೇತಿ ಸಿಗುವುದೇ ಕಷ್ಟವಾಗಿದ್ದ ಕಾಲ ಅದು. ಗೆಳೆಯರ ಒತ್ತಾಯಕ್ಕೆ ರಂಗನಾಥನ್ ಅವರ ಅರ್ಜಿಯೂ ಹೋಯಿತು. ಸಂದರ್ಶನಕ್ಕೆ ಮೊದಲು ಒಂದು ವಿಶ್ವಕೋಶದಲ್ಲಿ ಗ್ರಂಥಾಲಯಗಳ ಬಗ್ಗೆ ಇದ್ದ ಲೇಖನವನ್ನು ಓದಿಕೊಂಡು ಹೋದರು. ಅಷ್ಟೇ ಅವರ ತಯಾರಿ. ಕೆಲಸ ಅವರಿಗೇ ಸಿಕ್ಕಿತು!

1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. ಒಂದು ವಾರ ಕಳೆಯುವಷ್ಟರಲ್ಲಿ ಬೇಸರ ಬಂತು. ತರಗತಿಯ ಗಲಗಲ ಇಲ್ಲಿಲ್ಲ. ಪುಸ್ತಕಗಳಿವೆ, ಓದುವವರು ಅಪರೂಪ. ಇಡೀ ದಿನ ಮಾತಾಡಲು ಜನವಿಲ್ಲ. ನನ್ನನ್ನು ತರಗತಿಗೇ ವಾಪಸು ಕಳುಹಿಸಿ ಎಂದು ಮೇಲಿನವರನ್ನು ಕೇಳಿಕೊಂಡರು. ಕೊನೆಗೆ ಒಂದು ಒಪ್ಪಂದವಾಯಿತು. ಮೊದಲು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯದ ಕೆಲಸ ಕಲಿತು ಬರಬೇಕು. ಬಂದ ಮೇಲೂ ಮನಸ್ಸು ಬದಲಾಗದಿದ್ದರೆ ಗಣಿತದ ಕೆಲಸಕ್ಕೆ ಮರಳಬಹುದು.

ಲಂಡನ್ನಿನಲ್ಲಿ ಅವರು ಸೇರಿದ್ದು ಯೂನಿವರ್ಸಿಟಿ ಕಾಲೇಜಿನ ಗ್ರಂಥಾಲಯ ಶಾಲೆಗೆ. ಅಲ್ಲಿ ಪುಸ್ತಕಗಳ ವರ್ಗೀಕರಣವನ್ನು ಕಲಿಸುತ್ತಿದ್ದವರು ಬರ್ವಿಕ್ ಸೇಯರ್ಸ್. ಈ ಶಿಷ್ಯನಿಗೆ ತರಗತಿಗಿಂತ ಗ್ರಂಥಾಲಯಗಳನ್ನು ಕಣ್ಣಾರೆ ನೋಡುವುದೇ ಒಳ್ಳೆಯ ಪಾಠ ಎಂದು ಅವರು ಕಂಡುಕೊಂಡರು. ರಂಗನಾಥನ್ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿದರು. ಅಲ್ಲಿ ಕಂಡದ್ದು ಅವರಿಗೆ ಹೊಸ ಲೋಕ. ಕಾರ್ಖಾನೆಯ ಕೆಲಸಗಾರರು, ಮನೆಯ ಹೆಂಗಸರು, ಶಾಲೆ ಬಿಟ್ಟು ಬಂದ ಮಕ್ಕಳು ಎಲ್ಲರೂ ಗ್ರಂಥಾಲಯಕ್ಕೆ ಬರುತ್ತಿದ್ದರು. ಕೇಳಿದ್ದನ್ನು ಹುಡುಕಿಕೊಡಲು ಸಿಬ್ಬಂದಿ ಕಾದಿರುತ್ತಿದ್ದರು. ಆದರೆ ಇನ್ನೊಂದು ಸಂಗತಿಯನ್ನೂ ಅವರ ಗಣಿತದ ಕಣ್ಣು ಗಮನಿಸಿತು. ಒಂದು ಗ್ರಂಥಾಲಯದಲ್ಲಿ ಒಂದು ಕ್ರಮ, ಇನ್ನೊಂದರಲ್ಲಿ ಇನ್ನೊಂದು. ಹೀಗೇಕೆ ಮಾಡುತ್ತೀರಿ ಎಂದರೆ ಮೊದಲಿನಿಂದ ಹೀಗೇ ಬಂದಿದೆ ಎಂಬ ಉತ್ತರ. ಇವೆಲ್ಲಕ್ಕೂ ಆಧಾರವಾದ ನಿಯಮಗಳು ಯಾವುವು?

ಆಟಿಕೆ ಅಂಗಡಿಯ ಪಾಠ

ಇಲ್ಲಿ ಒಂದು ಆಟಿಕೆಯ ಕಥೆ ಹೇಳಲೇಬೇಕು. ಲಂಡನ್ನಿನ ಸೆಲ್ಫ್‌ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ರಂಗನಾಥನ್ ಮೆಕ್ಯಾನೋ ಎಂಬ ಆಟಿಕೆಯನ್ನು ನೋಡಿದರು. ತೂತುಗಳಿರುವ ಲೋಹದ ಪಟ್ಟಿಗಳು, ಚಕ್ರಗಳು, ನಟ್ಟು, ಬೋಲ್ಟು. ಮಾರುವವನು ಅವನ್ನೇ ಜೋಡಿಸಿ ಬೇರೆ ಬೇರೆ ಆಟಿಕೆಗಳನ್ನು ಮಾಡಿ ತೋರಿಸುತ್ತಿದ್ದ. ಬಿಡಿಭಾಗಗಳು ಕೆಲವೇ, ಜೋಡಣೆಗಳು ಲೆಕ್ಕವಿಲ್ಲದಷ್ಟು.

ರಂಗನಾಥನ್ ಅವರ ತಲೆಯಲ್ಲಿ ಬೆಳಕು ಹೊತ್ತಿತು. ಆಗ ಬಳಕೆಯಲ್ಲಿದ್ದ ವರ್ಗೀಕರಣ ಪದ್ಧತಿಗಳು ಮೊದಲೇ ಮನೆ ಮಾಡಿಟ್ಟ ಗೂಡುಗಳಂತಿದ್ದವು. ಪ್ರತಿ ವಿಷಯಕ್ಕೂ ಒಂದು ಗೂಡು, ಅದಕ್ಕೊಂದು ಸಂಖ್ಯೆ. ಹೊಸ ವಿಷಯ ಹುಟ್ಟಿದರೆ ಗೂಡು ಎಲ್ಲಿ? ಬಿಡಿಭಾಗಗಳನ್ನಷ್ಟೇ ಪಟ್ಟಿ ಮಾಡಿಟ್ಟುಕೊಂಡು, ಬೇಕಾದಾಗ ಜೋಡಿಸಿದರೆ ಹೇಗೆ? ಈ ಯೋಚನೆಯಿಂದ ಹುಟ್ಟಿದ್ದೇ ದ್ವಿಬಿಂದು ವರ್ಗೀಕರಣ. ಬಿಡಿಭಾಗಗಳನ್ನು ಜೋಡಿಸಲು ಅವರು ಬಳಸಿದ ಬೋಲ್ಟು ಎಂದರೆ ಎರಡು ಚುಕ್ಕಿಗಳ ಚಿಹ್ನೆ. ನೀವು ಗಣಿತದಲ್ಲಿ ಅನುಪಾತ ಬರೆಯುವಾಗ ಬಳಸುತ್ತೀರಲ್ಲ, ಅದೇ.

ಈ ಪದ್ಧತಿಯಲ್ಲಿ ಗಣಿತಕ್ಕೆ ಇಂಗ್ಲಿಷಿನ ಬಿ, ಭೌತವಿಜ್ಞಾನಕ್ಕೆ ಸಿ, ಕೃಷಿಗೆ ಜೆ, ವೈದ್ಯಕ್ಕೆ ಎಲ್ ಅಕ್ಷರ. ವೈದ್ಯದೊಳಗೆ ಶ್ವಾಸಕೋಶಕ್ಕೆ 45. ಸ್ಥಳಗಳ ಪಟ್ಟಿಯಲ್ಲಿ ಭಾರತಕ್ಕೆ 44. ಅಂಗ, ರೋಗ, ಚಿಕಿತ್ಸೆ, ದೇಶ, ಕಾಲ ಹೀಗೆ ಒಂದೊಂದಕ್ಕೂ ಒಂದು ಗುರುತು. ಎಲ್ಲ ಸೇರಿದರೆ ಪುಸ್ತಕದ ಬೆನ್ನಿನ ಮೇಲೆ ಅದರ ವಿಳಾಸ ಸಿದ್ಧ. 1925ರಲ್ಲಿ ಊರಿಗೆ ಮರಳುವಾಗ ಹಡಗಿನಲ್ಲಿದ್ದ ಸಣ್ಣ ಗ್ರಂಥಾಲಯದ ಪುಸ್ತಕಗಳ ಮೇಲೆಯೇ ಅವರು ಇದನ್ನು ಪ್ರಯೋಗಿಸಿ ನೋಡಿದರು. ಪುಸ್ತಕವಾಗಿ ಹೊರಬಂದದ್ದು 1933ರಲ್ಲಿ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ಪದ್ಧತಿಯ ವಿಚಾರವನ್ನು ಜಗತ್ತಿನ ಪಂಡಿತರು ಮೆಚ್ಚಿದರೂ ಅದರ ಗುರುತುಗಳು ಉದ್ದ ಮತ್ತು ಕಠಿಣ. ಹಾಗಾಗಿ ನಮ್ಮ ದೇಶದಲ್ಲಿಯೂ ಬಹಳಷ್ಟು ಗ್ರಂಥಾಲಯಗಳು ಅಮೆರಿಕದ ಡ್ಯೂಯಿ ಎಂಬುವರ ದಶಮಾಂಶ ಪದ್ಧತಿಯನ್ನೇ ಬಳಸುತ್ತವೆ.

ಮದರಾಸಿನ ಇಪ್ಪತ್ತು ವರ್ಷ

ಊರಿಗೆ ಬಂದ ಮೇಲೆ ಗಣಿತದ ಕೆಲಸವನ್ನು ಅವರು ಮತ್ತೆ ಕೇಳಲಿಲ್ಲ. ಸುಮಾರು ಇಪ್ಪತ್ತು ವರ್ಷ ಒಂದು ದಿನವೂ ರಜೆ ಪಡೆಯದೆ ದುಡಿದರು. ಮದುವೆಯ ದಿನವೂ ಮಧ್ಯಾಹ್ನದ ಹೊತ್ತಿಗೆ ಗ್ರಂಥಾಲಯಕ್ಕೆ ಬಂದುಬಿಟ್ಟಿದ್ದರು. ನೀವು ಇದನ್ನು ಮೆಚ್ಚಬೇಕಾಗಿಲ್ಲ! ಅವರ ಕೈಕೆಳಗೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲ ಎಂಬುದೂ ನಿಜ. ಶಿಸ್ತಿನ ವಿಷಯದಲ್ಲಿ ಬಹಳ ಬಿಗಿ.

ಅವರು ಮಾಡಿದ ದೊಡ್ಡ ಬದಲಾವಣೆ ಎಂದರೆ ಓದುಗರನ್ನು ಕಪಾಟಿನ ಬಳಿಗೇ ಬಿಟ್ಟದ್ದು. ಅದಕ್ಕೆ ಮುಂಚೆ ಸಾಮಾನ್ಯವಾಗಿ ಏನು ನಡೆಯುತ್ತಿತ್ತು ಗೊತ್ತೇ? ಓದುಗರು ಚೀಟಿಯಲ್ಲಿ ಪುಸ್ತಕದ ಹೆಸರು ಬರೆದುಕೊಡಬೇಕು. ಜವಾನ ಒಳಗೆ ಹೋಗಿ ಹುಡುಕಬೇಕು. ಸಿಕ್ಕರೆ ಸಿಕ್ಕಿತು. ಹೆಸರು ಗೊತ್ತಿಲ್ಲದ ಪುಸ್ತಕವನ್ನು ಕೇಳುವುದಾದರೂ ಹೇಗೆ? ಕಪಾಟಿನ ಮುಂದೆ ನಿಂತು ಒಂದೊಂದೇ ತೆಗೆದು ನೋಡಿದಾಗ ತಾನೇ ನಮಗೆ ಬೇಕಾದದ್ದು ಇದು ಎಂದು ತಿಳಿಯುವುದು! ಜೊತೆಗೆ, ಓದುಗರ ಪ್ರಶ್ನೆಗೆ ಉತ್ತರ ಹುಡುಕಲು ನೆರವಾಗುವ ಪರಾಮರ್ಶನ ಸೇವೆಯನ್ನು ಬೆಳೆಸಿದರು. ಗ್ರಂಥಾಲಯ ತೆರೆದಿರುವ ಸಮಯವನ್ನು ಹೆಚ್ಚಿಸಿದರು. 1936ರಲ್ಲಿ ಮದರಾಸಿನ ಕಡಲತೀರದ ಬಳಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸ್ವಂತ ಕಟ್ಟಡವೂ ಬಂತು.

1928ರಲ್ಲಿ ಹುಟ್ಟಿದ ಮದರಾಸು ಗ್ರಂಥಾಲಯ ಸಂಘಕ್ಕೂ ಅವರೇ ಮುಂದಾಳು. ಆ ಸಂಘದ ಕಾಲದ ಒಂದು ಸೊಗಸಾದ ಕೆಲಸವೆಂದರೆ ಎತ್ತಿನಗಾಡಿಯ ಗ್ರಂಥಾಲಯ. 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಗಾಡಿಯಲ್ಲಿ ಪುಸ್ತಕಗಳು ಹೊರಟವು. ಜನ ಪುಸ್ತಕದ ಬಳಿಗೆ ಬರಲಾಗದಿದ್ದರೆ ಪುಸ್ತಕವೇ ಜನರ ಬಳಿಗೆ ಹೋಯಿತು.

ಐದು ಸೂತ್ರಗಳು

ಇಷ್ಟೆಲ್ಲ ಕೆಲಸದ ನಡುವೆ ಲಂಡನ್ನಿನಲ್ಲಿ ಹುಟ್ಟಿದ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ. ನ್ಯೂಟನ್ನನ ಕೆಲವೇ ನಿಯಮಗಳಿಂದ ಕಲ್ಲು ಬೀಳುವುದನ್ನೂ ಗ್ರಹ ಸುತ್ತುವುದನ್ನೂ ವಿವರಿಸಬಹುದು. ಗ್ರಂಥಾಲಯದ ನೂರಾರು ಕೆಲಸಗಳಿಗೂ ಹಾಗೆ ಕೆಲವೇ ನಿಯಮಗಳು ಇರಬೇಕಲ್ಲವೇ? 1928ರಲ್ಲಿ ಒಮ್ಮೆ ತಮ್ಮ ಗುರು ರಾಸ್ ಅವರೊಡನೆ ಈ ತೊಳಲಾಟವನ್ನು ಹೇಳಿಕೊಂಡರು. ಗುರುಗಳು ಹೊರಡುವ ಮುನ್ನ, ಪುಸ್ತಕಗಳು ಇರುವುದೇ ಉಪಯೋಗಿಸಲಿಕ್ಕೆ ಎಂಬ ಅರ್ಥದ ಮಾತನ್ನು ಸಹಜವಾಗಿ ಆಡಿ ಹೋದರು. ಮೊದಲ ಸೂತ್ರ ಸಿಕ್ಕಿತು! ಉಳಿದ ನಾಲ್ಕು ಅದರ ಹಿಂದೆಯೇ ಬಂದವು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಪುಸ್ತಕ ಪ್ರಕಟವಾಯಿತು.

ಆ ಸೂತ್ರಗಳ ತಿರುಳು ಇಷ್ಟು. ಪುಸ್ತಕ ಬಳಸಲಿಕ್ಕಾಗಿ ಇದೆ, ಕಾಪಾಡಿ ಇಡುವುದಕ್ಕಲ್ಲ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು. ಹಾಗೆಯೇ ಪ್ರತಿಯೊಂದು ಪುಸ್ತಕಕ್ಕೂ ಅದನ್ನು ಓದುವವರು ಸಿಗಬೇಕು. ಓದುಗನ ಸಮಯ ಹಾಳಾಗಬಾರದು. ಗ್ರಂಥಾಲಯ ಗಿಡದಂತೆ, ಮಗುವಿನಂತೆ ಬೆಳೆಯುತ್ತಲೇ ಇರುತ್ತದೆ.

ಇದರಲ್ಲಿ ಅಂಥ ದೊಡ್ಡದೇನಿದೆ ಎನಿಸುತ್ತದೆಯೇ? ಹಿಂದೆ ಯೂರೋಪಿನ ಚರ್ಚುಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಟ್ಟಿಡುತ್ತಿದ್ದರು. ಇಂಗ್ಲೆಂಡಿನ ಹೆರೆಫರ್ಡ್‌ನಲ್ಲಿ ಅಂಥ ಗ್ರಂಥಾಲಯವನ್ನು ಇಂದಿಗೂ ನೋಡಬಹುದು. ಕೈಯಿಂದ ಬರೆದ ಒಂದು ಪ್ರತಿ ಕಳೆದರೆ ಇನ್ನೊಂದು ಸಿಗದ ಕಾಲದಲ್ಲಿ ಆ ಸರಪಳಿಗೆ ಅರ್ಥವಿತ್ತು. ಮುದ್ರಣ ಬಂದು ಸಾವಿರಾರು ಪ್ರತಿಗಳು ಸಿಗತೊಡಗಿದ ಮೇಲೂ ಸರಪಳಿಯ ಬುದ್ಧಿ ಹೋಗಲಿಲ್ಲ. ಅದು ಬೀರುವಿನ ಬೀಗವಾಗಿ ಉಳಿಯಿತು.

ಸೂತ್ರದಿಂದ ಲೆಕ್ಕಕ್ಕೆ

ಈಗ ಮೊದಲಿನ ಎರಡು ಕಾಲೇಜುಗಳಿಗೆ ಹಿಂದಿರುಗೋಣ. ಐದು ಸೂತ್ರಗಳನ್ನು ಐದು ಪ್ರಶ್ನೆಗಳಾಗಿ ತಿರುಗಿಸಿ ನೋಡಿ. ಆಗ ಅವು ಅಳತೆಗೋಲಾಗುತ್ತವೆ.

ಪುಸ್ತಕಗಳು ಎಷ್ಟು ಬಳಕೆಯಾದವು? ಮೊದಲ ಕಾಲೇಜಿನಲ್ಲಿ 500ನ್ನು 10,000ದಿಂದ ಭಾಗಿಸಿ. 0.05 ಬರುತ್ತದೆ. ಎಂದರೆ ಸರಾಸರಿ ಇಪ್ಪತ್ತು ಪುಸ್ತಕಗಳಿಗೆ ಒಂದು ಎರವಲು. ಎರಡನೆಯದರಲ್ಲಿ 6,000ವನ್ನು 2,000ದಿಂದ ಭಾಗಿಸಿದರೆ 3. ಪ್ರತಿ ಪುಸ್ತಕವೂ ಸರಾಸರಿ ಮೂರು ಸಲ ಹೊರಗೆ ಹೋಗಿದೆ. ಕಳೆದುಹೋದ ಹನ್ನೆರಡು ಪುಸ್ತಕಗಳ ಲೆಕ್ಕ? 6,000 ಎರವಲಿಗೆ 12, ಅಂದರೆ ಸಾವಿರಕ್ಕೆ ಎರಡು. ಈ ನಷ್ಟ ಹೆಚ್ಚೋ, ಮೊದಲ ಕಾಲೇಜಿನಲ್ಲಿ ಯಾರೂ ಮುಟ್ಟದ ಸಾವಿರಾರು ಪುಸ್ತಕಗಳ ನಷ್ಟ ಹೆಚ್ಚೋ, ನೀವೇ ಹೇಳಿ.

ಎರಡನೆಯ ಸೂತ್ರ: ಎಷ್ಟು ಮಂದಿ ಪುಸ್ತಕ ಕೇಳಿ ಬರಿಗೈಯಲ್ಲಿ ಹೋದರು? ಮೂರನೆಯದು: ಒಮ್ಮೆಯೂ ಯಾರೂ ತೆರೆಯದ ಪುಸ್ತಕಗಳೆಷ್ಟು, ಅವು ಮೇಲಿನ ಅಟ್ಟದಲ್ಲಿ ಕೈಗೆಟುಕದೆ ಉಳಿದಿವೆಯೇ? ನಾಲ್ಕನೆಯದು: ಒಂದು ಪುಸ್ತಕ ಕೈಗೆ ಬರಲು ಎಷ್ಟು ನಿಮಿಷ ಬೇಕು? ಐದನೆಯದು: ಇನ್ನು ಹತ್ತು ವರ್ಷದಲ್ಲಿ ಬರುವ ಪುಸ್ತಕಗಳಿಗೆ, ಓದುಗರಿಗೆ ಜಾಗವಿದೆಯೇ?

ಆದರೆ ಅಂಕಿಗಳು ಮೋಸ ಮಾಡುವುದೂ ಉಂಟು. ಗ್ರಂಥಾಲಯದಲ್ಲೇ ಕುಳಿತು ಓದಿ ಹೋದವರು ಎರವಲಿನ ಪುಸ್ತಕದಲ್ಲಿ ದಾಖಲಾಗುವುದಿಲ್ಲ. ಮನೆಗೆ ಒಯ್ದು ತೆರೆಯದೆ ಹಿಂದಿರುಗಿಸಿದವರು ದಾಖಲಾಗುತ್ತಾರೆ. ಕಠಿಣ ಗಣಿತದ ಒಂದು ಪುಸ್ತಕವನ್ನು ಹತ್ತು ವರ್ಷಕ್ಕೆ ಒಬ್ಬರೇ ಓದಬಹುದು. ಆ ಒಬ್ಬರಿಗೆ ಅದು ಬೇಕೇ ಬೇಕು. ಆದ್ದರಿಂದ ಒಂದೇ ಸಂಖ್ಯೆಯಿಂದ ತೀರ್ಪು ಕೊಡಲಾಗದು. ಐದೂ ಪ್ರಶ್ನೆಗಳನ್ನು ಒಟ್ಟಿಗೆ ಕೇಳಬೇಕು. ಹೊಲ ಅಳೆಯುವಾಗ ಉದ್ದ ಮಾತ್ರ ಅಳೆದರೆ ವಿಸ್ತೀರ್ಣ ಸಿಗುತ್ತದೆಯೇ?

ಬೀಗ ತೆಗೆಯಲು ಏಕೆ ಹೆದರಿಕೆ?

ಸೂತ್ರಗಳು ಬಂದವು, ಆದರೆ ದೇಶದ ಕಾಲೇಜುಗಳಲ್ಲಿ ಬೀಗಗಳು ಕೂಡಲೇ ಬಿಚ್ಚಿಕೊಳ್ಳಲಿಲ್ಲ. ಅದಕ್ಕೆ ಕಾರಣ ಗ್ರಂಥಪಾಲಕರ ಸೋಮಾರಿತನವಲ್ಲ, ಭಯ. ವರ್ಷಕ್ಕೊಮ್ಮೆ ಪುಸ್ತಕಗಳನ್ನು ಎಣಿಸುವಾಗ ಕಡಿಮೆ ಬಿದ್ದರೆ ಅದರ ಬೆಲೆಯನ್ನು ಗ್ರಂಥಪಾಲಕರೇ ಕಟ್ಟಬೇಕಾದ ಪರಿಸ್ಥಿತಿ ಹಲವು ಕಡೆ ಇತ್ತು. ಪುಸ್ತಕಗಳನ್ನು ಹೆಚ್ಚು ಜನರಿಗೆ ಕೊಟ್ಟವನ ಜೇಬಿಗೆ ಕತ್ತರಿ, ಯಾರಿಗೂ ಕೊಡದವನಿಗೆ ಶಹಭಾಸ್! ಅಳತೆ ತಪ್ಪಾದರೆ ಒಳ್ಳೆಯವನೂ ತಪ್ಪು ಕೆಲಸ ಮಾಡಬೇಕಾಗುತ್ತದೆ.

ರಂಗನಾಥನ್ ಆಡಳಿತದವರೊಂದಿಗೆ ಭಿನ್ನಾಭಿಪ್ರಾಯ ಬಂದು 1945ರಲ್ಲಿ ಮದರಾಸನ್ನು ಬಿಟ್ಟಿದ್ದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇದ್ದು, ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೇ ವರ್ಗೀಕರಿಸಿದರು. 1947ರಿಂದ 1954ರವರೆಗೆ ದೆಹಲಿ ವಿಶ್ವವಿದ್ಯಾಲಯ. ಬಳಿಕ ಕೆಲಕಾಲ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರ, ಉಜ್ಜಯಿನಿ. 1957ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಒಂದು ಗ್ರಂಥಾಲಯ ಸಮಿತಿಯನ್ನು ನೇಮಿಸಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ದೇಶದ ವಿಶ್ವವಿದ್ಯಾಲಯಗಳ ಮತ್ತು ಕಾಲೇಜುಗಳ ಗ್ರಂಥಾಲಯಗಳು ಹೇಗಿವೆ, ಹೇಗಿರಬೇಕು ಎಂದು ಹೇಳುವುದು ಈ ಸಮಿತಿಯ ಕೆಲಸ.

1959ರಲ್ಲಿ ಪ್ರಕಟವಾದ ವರದಿಯಲ್ಲಿ ಗಣಿತ ಮೇಷ್ಟ್ರ ಕೈ ಎದ್ದು ಕಾಣುತ್ತದೆ. ಪುಸ್ತಕಗಳಿಗೆ ಒಂದಿಷ್ಟು ಹಣ ಕೊಡಿ ಎಂದು ಸುಮ್ಮನೆ ಹೇಳಲಿಲ್ಲ. ಪ್ರತಿ ವಿದ್ಯಾರ್ಥಿಗೆ ವರ್ಷಕ್ಕೆ 15 ರೂಪಾಯಿ, ಪ್ರತಿ ಅಧ್ಯಾಪಕರಿಗೆ ಮತ್ತು ಸಂಶೋಧಕರಿಗೆ 200 ರೂಪಾಯಿ ಎಂದು ತಲಾ ಲೆಕ್ಕ ಕೊಟ್ಟಿತು. ನಿಮ್ಮ ಕಾಲೇಜಿನಲ್ಲಿ 1,000 ವಿದ್ಯಾರ್ಥಿಗಳೂ 50 ಅಧ್ಯಾಪಕರೂ ಇದ್ದರೆ ಎಷ್ಟು ಬೇಕು? 15,000ಕ್ಕೆ 10,000 ಕೂಡಿಸಿ, 25,000 ರೂಪಾಯಿ. ಸಿಬ್ಬಂದಿ ಎಷ್ಟಿರಬೇಕು ಎಂಬುದಕ್ಕೂ ಸೂತ್ರವಿತ್ತು. ಕಪಾಟುಗಳು ಓದುಗರಿಗೆ ತೆರೆದಿರಬೇಕು ಎಂದಿತು. ತೆರೆದಿಟ್ಟಾಗ ಒಂದಿಷ್ಟು ಪುಸ್ತಕಗಳು ಕಳೆಯುವುದು ಸಹಜ, ಅದನ್ನು ಗ್ರಂಥಪಾಲಕರ ತಲೆಗೆ ಕಟ್ಟಬಾರದು ಎಂಬ ನಿಲುವು ಅವರದು. ಗ್ರಂಥಪಾಲಕರಿಗೆ ಅಧ್ಯಾಪಕರಷ್ಟೇ ಸ್ಥಾನಮಾನ, ಸಂಬಳ ಇರಬೇಕೆಂಬುದೂ ಆ ವರದಿಯ ಮುಖ್ಯ ಸಲಹೆ. ಎಲ್ಲವೂ ಎಲ್ಲ ಕಡೆ ಜಾರಿಗೆ ಬಂದಿತು ಎನ್ನಲಾಗದು. ಆದರೆ ಒಂದು ಗ್ರಂಥಾಲಯಕ್ಕೆ ಎಷ್ಟು ಬೇಕು ಎಂದು ಕೇಳಲು ಎಲ್ಲರ ಕೈಗೂ ಒಂದು ಲೆಕ್ಕ ಸಿಕ್ಕಿತು.

ಹಂಚಿಕೊಂಡು ಓದುವುದು

ಹಣ ಎಷ್ಟಿದ್ದರೂ ಒಂದು ಗ್ರಂಥಾಲಯ ಜಗತ್ತಿನ ಎಲ್ಲ ಪುಸ್ತಕಗಳನ್ನೂ ಕೊಳ್ಳಲಾರದು. ವಿಜ್ಞಾನದ ನಿಯತಕಾಲಿಕಗಳಂತೂ ದುಬಾರಿ. ಒಂದು ಮದರಾಸಿನಲ್ಲಿ ಇರಬಹುದು, ಇನ್ನೊಂದು ಬೆಂಗಳೂರಿನಲ್ಲಿ. ಪರಸ್ಪರ ಎರವಲು ಪಡೆಯೋಣವೆಂದರೆ ಯಾವುದು ಎಲ್ಲಿದೆ ಎಂದು ಗೊತ್ತಾಗಬೇಕಲ್ಲ! ಅದಕ್ಕೆ ಬೇಕಾದದ್ದು ಸಂಯುಕ್ತ ಸೂಚಿ. ಹಲವು ಗ್ರಂಥಾಲಯಗಳ ಪಟ್ಟಿಗಳನ್ನು ಬೆಸೆದು ಮಾಡಿದ ಒಂದೇ ಪಟ್ಟಿ. ದಕ್ಷಿಣ ಏಷ್ಯಾದ ಗ್ರಂಥಾಲಯಗಳಲ್ಲಿರುವ ಭೌತ ಮತ್ತು ಜೀವ ವಿಜ್ಞಾನಗಳ ನಿಯತಕಾಲಿಕಗಳ ಇಂಥ ಸೂಚಿಯೊಂದನ್ನು ರಂಗನಾಥನ್ ಮತ್ತು ಸಂಗಡಿಗರು 1953ರಲ್ಲಿ ಹೊರತಂದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕಾಗದದ ಚೀಟಿಗಳನ್ನು ಜೋಡಿಸಿ ಮಾಡಿದ ಕೆಲಸವಿದು. ಈಗ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರ ಕಂಪ್ಯೂಟರಿನ ಮೂಲಕ ವಿಶ್ವವಿದ್ಯಾಲಯಗಳ ಪುಸ್ತಕಗಳ ಇಂಥದೇ ಸೂಚಿಯನ್ನು ನಡೆಸುತ್ತಿದೆ.

ಬೆಂಗಳೂರಿನ ದಿನಗಳು

ರಂಗನಾಥನ್ ಬಾಳಿನ ಕೊನೆಯ ಘಟ್ಟವನ್ನು ಕಳೆದದ್ದು ಬೆಂಗಳೂರಿನಲ್ಲಿ. ಅಂಕಿಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಕಟ್ಟಿದ ಭಾರತೀಯ ಅಂಕಿಸಂಖ್ಯಾ ಸಂಸ್ಥೆಯ ಅಂಗವಾಗಿ 1962ರಲ್ಲಿ ಇಲ್ಲಿ ಒಂದು ಕೇಂದ್ರ ಆರಂಭವಾಯಿತು. ವಿಜ್ಞಾನಿಗಳಿಗೆ ಬೇಕಾದ ಮಾಹಿತಿಯನ್ನು ಬೇಗ ಹುಡುಕಿಕೊಡುವ ವಿಧಾನಗಳ ಸಂಶೋಧನೆ ಮತ್ತು ತರಬೇತಿ ಅದರ ಗುರಿ. ಎಪ್ಪತ್ತರ ವಯಸ್ಸಿನಲ್ಲಿ ಅದನ್ನು ಮುನ್ನಡೆಸಿದವರು ಅವರೇ. ಡಿ.ಆರ್.ಟಿ.ಸಿ. ಎಂಬ ಹೆಸರಿನ ಆ ಕೇಂದ್ರ ಇಂದಿಗೂ ಬೆಂಗಳೂರಿನಲ್ಲಿದೆ. ಆಗಿನ ಮೈಸೂರು ರಾಜ್ಯ 1965ರಲ್ಲಿ ತಂದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆಯೂ ಅವರ ದುಡಿಮೆ ಇತ್ತು. ನಿಮ್ಮ ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯ ಆ ಕಾಯಿದೆಯ ಫಲ. ಆಸ್ತಿ ತೆರಿಗೆಯ ಜೊತೆಗೆ ಜನರು ಕಟ್ಟುವ ಗ್ರಂಥಾಲಯ ಕರದಿಂದ ಇವು ನಡೆಯುತ್ತವೆ.

ಉಳಿಸಿದ ಹಣವನ್ನು ಅವರು ತಮಗಾಗಿ ಇಟ್ಟುಕೊಳ್ಳಲಿಲ್ಲ. ಒಂದು ಲಕ್ಷ ರೂಪಾಯಿಯನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟು, ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠ ಏರ್ಪಡಿಸಿದರು. ಭಾರತ ಸರ್ಕಾರ 1957ರಲ್ಲಿ ಪದ್ಮಶ್ರೀ ನೀಡಿತು, 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಆಗಸ್ಟ್ 12ನ್ನು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ.

ಅವರು ಹೋಗಿ ಇಪ್ಪತ್ತೆರಡು ವರ್ಷಗಳ ನಂತರ, 1994ರಲ್ಲಿ, ಕಾಲೇಜುಗಳ ಗುಣಮಟ್ಟ ಅಳೆಯಲು ನ್ಯಾಕ್ ಎಂಬ ರಾಷ್ಟ್ರೀಯ ಪರಿಷತ್ತು ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿಯೂ ಬೆಂಗಳೂರಿನಲ್ಲೇ ಇದೆ. 2017ರಲ್ಲಿ ಅದು ಹೊಸದಾಗಿ ರೂಪಿಸಿದ ಪ್ರಶ್ನಾವಳಿಯಲ್ಲಿ ಪುಸ್ತಕಗಳ ಖರ್ಚಿನ ಜೊತೆಗೆ ಇನ್ನೊಂದು ಪ್ರಶ್ನೆಯೂ ಇತ್ತು: ದಿನಕ್ಕೆ ಎಷ್ಟು ಅಧ್ಯಾಪಕರು, ಎಷ್ಟು ವಿದ್ಯಾರ್ಥಿಗಳು ಗ್ರಂಥಾಲಯವನ್ನು ಬಳಸುತ್ತಾರೆ?

ನೀವೂ ಮಾಡಿ ನೋಡಿ

ನಿಮ್ಮ ಶಾಲೆಯ ಗ್ರಂಥಾಲಯದಿಂದ ಯಾವುದಾದರೂ ಇಪ್ಪತ್ತು ಪುಸ್ತಕಗಳನ್ನು ಆರಿಸಿ. ಕಣ್ಣು ಮುಚ್ಚಿ ಆರಿಸಿದರೆ ಇನ್ನೂ ಒಳ್ಳೆಯದು, ಇಷ್ಟವಾದವುಗಳೇ ಸೇರಿಕೊಳ್ಳುವುದಿಲ್ಲ. ಪುಸ್ತಕದೊಳಗೆ ಅಂಟಿಸಿದ ದಿನಾಂಕದ ಚೀಟಿಯನ್ನೋ, ಮೇಷ್ಟ್ರ ಬಳಿ ಇರುವ ಎರವಲು ವಹಿಯನ್ನೋ ನೋಡಿ, ಈ ವರ್ಷ ಪ್ರತಿಯೊಂದೂ ಎಷ್ಟು ಸಲ ಹೊರಗೆ ಹೋಗಿದೆ ಎಂದು ಬರೆದುಕೊಳ್ಳಿ. ಒಟ್ಟು ಸಂಖ್ಯೆಯನ್ನು ಇಪ್ಪತ್ತರಿಂದ ಭಾಗಿಸಿ. ಸೊನ್ನೆ ಬಂದ ಪುಸ್ತಕಗಳನ್ನು ಬೇರೆಯಾಗಿಟ್ಟು, ಅವು ಕಪಾಟಿನ ಯಾವ ಅಂಕಣದಲ್ಲಿದ್ದವು, ನಿಮ್ಮ ಕೈಗೆ ಎಟುಕುವಂತಿದ್ದವೇ ಎಂದು ಗುರುತಿಸಿ. ಆ ಪುಸ್ತಕಗಳನ್ನು ಒಂದು ತಿಂಗಳು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟು, ಮತ್ತೆ ಎಣಿಸಿ.